ಸಂಬಳದ ಗಂಟೆ, ಹಂಬಲದ ಗಂಟೆ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆಯನ್ನು ನಾವು ಆಡುವುದು ಬೈಗುಳದ ಹಾಗೆಯೇ. ಮೊದಲು ಹಿಟ್ಟು, ಆಮೇಲೆ ಹೂವು. ಇದು ಮನೆ ನಡೆಸುವವರ ಲೆಕ್ಕಾಚಾರ. ಲೆಕ್ಕವೇನೋ ಸರಿಯೇ. ಆದರೆ ಹಿಟ್ಟಿನ ದುಡಿಮೆ ಮುಗಿಯುವುದೇ ಇಲ್ಲವಲ್ಲ, ಹೂವಿನ ಸರದಿ ಬರುವುದು ಯಾವಾಗ? ನಮ್ಮ ಭಾಷೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಕೆಲವರಿದ್ದಾರೆ. ಅವರು ಕವಿಗಳಲ್ಲ, ರಾಜರಲ್ಲ. ಗಣಕಯಂತ್ರಕ್ಕೆ ಕನ್ನಡ ಕಲಿಸಿದವರು. ಹಗಲು ಯಾರದೋ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ವರ್ಷಗಟ್ಟಲೆ ನಮ್ಮ ಕೆಲಸ ಮಾಡಿದವರು.

ನಾನು ವಾಸಿಸುವ ಬೊಮ್ಮಸಂದ್ರದಲ್ಲಿ ಗಂಟೆಗಳನ್ನು ಮಾರುವುದೇ ಬದುಕು. ಹೊಸೂರು ರಸ್ತೆಯ ಈ ಕಡೆ ಕೈಗಾರಿಕಾ ಪ್ರದೇಶ. ಪಾಳಿಯ ಬಸ್ಸುಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಔಷಧ ಕಂಪನಿಗಳು. ಸ್ವಲ್ಪ ದೂರದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಅದಕ್ಕೆ ಬುನಾದಿ ಹಾಕಿಸಿದ್ದು 1978ರಲ್ಲಿ. ರಾಗಿ ಹೊಲಗಳ ನಡುವೆ ಎಲೆಕ್ಟ್ರಾನಿಕ್ಸ್ ಊರು ಎಂದರೆ ಆಗ ಎಷ್ಟು ಜನ ನಂಬಿದರೋ! 2025ರ ಆಗಸ್ಟ್ 10ರಂದು ಮೆಟ್ರೋದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಶುರುವಾಯಿತು. ಈಗ ಬೆಳಗಾದರೆ ಹತ್ತೊಂಬತ್ತು ಕಿಲೋಮೀಟರ್ ಉದ್ದಕ್ಕೂ ಜನ ಗಂಟೆ ಮಾರಲು ಹೋಗುವುದನ್ನು ಕಣ್ಣಾರೆ ಕಾಣಬಹುದು.

ಈ ಊರಿನಲ್ಲೇ, ಯಾವ ಗೇಟಿನೊಳಗೂ ಹೋಗದೆ, ಮನೆಯ ಒಂದು ಕೋಣೆಯಲ್ಲಿ ಕುಳಿತು ಗಂಟೆ ಮಾರುವವರೂ ಇದ್ದಾರೆ. ಸ್ವತಂತ್ರ ಸಲಹೆಗಾರರು ಎಂದು ಅವರನ್ನು ಕರೆಯುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥವಳು. ಇಬ್ಬರು ಮಕ್ಕಳ ತಾಯಿ. ಹನ್ನೊಂದು ವರ್ಷ ಕಂಪನಿಯಲ್ಲಿ ದುಡಿದು, ಎರಡನೆಯ ಮಗುವಿನ ನಂತರ ಕೆಲಸ ಬಿಟ್ಟು, ಸಣ್ಣ ಕಾರ್ಖಾನೆಗಳಿಗೆ ದಾಸ್ತಾನಿನ ಲೆಕ್ಕವಿಡುವ ತಂತ್ರಾಂಶ ಬರೆದುಕೊಡುತ್ತಾಳೆ. ಅದು ಹಿಟ್ಟಿನ ಕೆಲಸ. ಜೊತೆಗೆ ಹೂವಿನ ಕೆಲಸವೊಂದಿದೆ: ಕನ್ನಡ ಬರವಣಿಗೆಯ ಕಾಗುಣಿತ ತಿದ್ದುವ ತಂತ್ರಾಂಶ.

ಅದೇನು ಅಂಥ ದೊಡ್ಡ ಕೆಲಸ ಎನ್ನಬೇಡಿ. ಇಂಗ್ಲಿಷಿನಲ್ಲಿ 'ಮನೆ' ಎಂಬ ಪದಕ್ಕೆ ಎರಡು ಮೂರು ರೂಪ. ನಮ್ಮಲ್ಲಿ ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳಲ್ಲಿಯೂ, ಮನೆಯವರೊಂದಿಗೆ, ಮನೆಯಾಚೆಗೆ. ವಿಭಕ್ತಿ, ಸಂಧಿ, ಸಮಾಸ ಸೇರಿ ಬಾಲ ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ಪಟ್ಟಿ ಮಾಡಿಡಲು ಸಾಧ್ಯವಿಲ್ಲ. ಯಂತ್ರಕ್ಕೆ ವ್ಯಾಕರಣವನ್ನೇ ಕಲಿಸಬೇಕು. ಏಳು ವರ್ಷಗಳಿಂದ ಅವಳು ಅದನ್ನೇ ಮಾಡುತ್ತಿದ್ದಾಳೆ. ಆಗಾಗ ಆದೇಶಸಂಧಿಯ ಗೊಂದಲ ಹೊತ್ತು ನನ್ನ ಮನೆಗೆ ಬರುವುದುಂಟು.

ಕಳೆದ ವರ್ಷ ಬಂದಾಗ ಗೊಂದಲ ಸಂಧಿಯದಾಗಿರಲಿಲ್ಲ. ಗಿರಾಕಿಯೊಬ್ಬರು ನಾಲ್ಕು ತಿಂಗಳಿಂದ ಹಣ ಕೊಟ್ಟಿರಲಿಲ್ಲ. ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಿತ್ತು. ಮನೆಯವರು, "ದುಡ್ಡು ಬಾರದ ಆ ಕೆಲಸವನ್ನಾದರೂ ಬಿಡು, ಇಲ್ಲವೇ ಮತ್ತೆ ಕಂಪನಿ ಸೇರು" ಎಂದಿದ್ದರಂತೆ. "ಮೇಡಂ, ಇದನ್ನು ಬಿಟ್ಟುಬಿಡಲೇ?" ಎಂದು ಕೇಳಿದಳು. ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಡಬೇಡ ಎನ್ನಲು ಶುಲ್ಕ ಕಟ್ಟುವವಳು ನಾನಲ್ಲ. ಇಂಥ ಹಗ್ಗದ ಮೇಲೆ ಹಿಂದೆ ನಡೆದವರ ಕತೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆನೆಯಬೇಕಾದವರು ಕೆ.ಪಿ. ರಾವ್. ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ಹುಟ್ಟಿದ್ದು 1940ರಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಸಂಶೋಧನೆಗೆ ಗಣಕದ ನೆರವು ಕೊಟ್ಟವರು. ಮುಂದೆ ಅಚ್ಚಿನ ಅಕ್ಷರಗಳಿಗೆ ಹೆಸರಾದ ಮೋನೋಟೈಪ್ ಸಂಸ್ಥೆಯಲ್ಲಿ ಭಾರತೀಯ ಲಿಪಿಗಳ ಕೆಲಸ. ಸಂಬಳ ಬಂದದ್ದು ಇವುಗಳಿಂದ. ಇದರ ನಡುವೆ ಕನ್ನಡಕ್ಕಾಗಿ ತಾವೇ ಒಂದು ತಂತ್ರಾಂಶ ಬರೆದು, ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಎಂದು ಕರೆದು, ಬೇಕಾದವರಿಗೆಲ್ಲ ಉಚಿತವಾಗಿ ಹಂಚಿದರು.

ಅದರ ಜಾಣ್ಮೆ ಇದ್ದದ್ದು ಕೀಲಿಮಣೆಯಲ್ಲಿ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯೆಲ್ಲ ಕೂರಬೇಕು, ಕಿವಿಗೆ ಕೇಳಿದಂತೆ ಬೆರಳು ಆಡಬೇಕು. 'ಕೆ' ಒತ್ತಿದರೆ ಕ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಖ. ವ್ಯಂಜನದ ನಂತರ 'ಐ' ಒತ್ತಿದರೆ ಗುಡಿಸು ತಾನಾಗಿ ಬರುತ್ತದೆ. ಒತ್ತಕ್ಷರಕ್ಕೆ ಕನ್ನಡದ ಧ್ವನಿಗೆ ಅಷ್ಟಾಗಿ ಬೇಡದ 'ಎಫ್' ಕೀಲಿಯನ್ನು ಕೊಂಡಿಯಾಗಿ ಬಳಸಿದರು: ಕೆ, ಎಫ್, ಆರ್ ಎಂದರೆ ಕ್ರ. ನಮ್ಮ ಶಾಲೆಯಲ್ಲಿ ಮಕ್ಕಳು 'ಅಮ್ಮ' ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತುತ್ತಾರೆ. ಅರ್ಧ ಗಂಟೆಯಲ್ಲಿ ಕಲಿತುಬಿಡುತ್ತಾರೆ. ಇದೇ ಕೀಲಿಮಣೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಸೇರಿ, ಸರ್ಕಾರ ಒಪ್ಪಿದ ವಿನ್ಯಾಸವಾಗಿ, ತಾಲ್ಲೂಕು ಕಚೇರಿಯ ಮೇಜಿನ ಮೇಲೂ ಬಂದು ಕುಳಿತಿತು. ಸೇಡಿಯಾಪು ತಂತ್ರಾಂಶವನ್ನು ಈಗ ಬಳಸುವವರು ವಿರಳ. ಆದರೆ ಅದರ ಜೀವ ಉಳಿದಿದೆ. ಏಕೆಂದರೆ ರಾಯರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ.

ಎರಡನೆಯವರು ಶೇಷಾದ್ರಿವಾಸು ಚಂದ್ರಶೇಖರನ್. ಅಮೆರಿಕದಲ್ಲಿ ತಂತ್ರಾಂಶ ಎಂಜಿನಿಯರ್ ಆಗಿದ್ದುಕೊಂಡೇ ಬಿಡುವಿನ ವೇಳೆಯಲ್ಲಿ 'ಬರಹ' ರೂಪಿಸಿದರು. ಮೊದಲ ಆವೃತ್ತಿ ಬಂದದ್ದು 1998ರಲ್ಲಿ. ಆ ಕಾಲ ನಿಮಗೆ ನೆನಪಿರಬಹುದು. ಕನ್ನಡದಲ್ಲಿ ಅಕ್ಷರ ಜೋಡಿಸಬೇಕೆಂದರೆ ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳನ್ನು ಹಣ ಕೊಟ್ಟು ಕೊಳ್ಳಬೇಕು. ಅದು ಮುದ್ರಣಾಲಯದವರಿಗೆ ಸರಿ, ಮನೆಯಲ್ಲಿ ಕುಳಿತು ತವರಿಗೊಂದು ಕಾಗದ ಬರೆಯುವವರಿಗಲ್ಲ. 'ಬರಹ'ದಲ್ಲಿ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚರಿಸಿದಂತೆ ಬರೆದರೆ ಕನ್ನಡ ಮೂಡುತ್ತಿತ್ತು. ಹೊರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆದದ್ದು, ಎಷ್ಟೋ ಗೃಹಿಣಿಯರು ತಮ್ಮ ಮೊದಲ ಕತೆಯನ್ನು ಬೆರಳಚ್ಚು ಮಾಡಿದ್ದು ಇದರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಉಚಿತವಾಗಿತ್ತು; ಆಮೇಲಿನ ಆವೃತ್ತಿಗಳಿಗೆ ಬೆಲೆ ಬಂತು. ಬೆಲೆ ಬಂದಾಗ ಗೊಣಗಿದವರನ್ನು ನಾನು ಬಲ್ಲೆ. ಹತ್ತು ವರ್ಷ ಊಟ ಹಾಕಿದವರು ಹನ್ನೊಂದನೆಯ ವರ್ಷ ಅಕ್ಕಿಯ ದುಡ್ಡು ಕೇಳಿದರೆ ಗೊಣಗುವುದು ನ್ಯಾಯವೇ? 2022ರ ಜನವರಿಯಲ್ಲಿ ಅವರು ತೀರಿಕೊಂಡರು ಎಂಬ ಸುದ್ದಿ ಬಂದಾಗ, ಅವರ ಮುಖವನ್ನೇ ನೋಡದ ಎಷ್ಟೋ ಜನ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು.

ಮೂರನೆಯವರು ಯು.ಬಿ. ಪವನಜ. ಇವರ ದಾರಿ ನನ್ನ ವಿದ್ಯಾರ್ಥಿನಿಯ ದಾರಿಗೆ ಹತ್ತಿರ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. 1996ರ ಡಿಸೆಂಬರಿನಲ್ಲಿ, ಅಂತರಜಾಲ ಎಂಬ ಪದವೇ ನಮಗೆ ಹೊಸದಾಗಿದ್ದಾಗ, 'ವಿಶ್ವಕನ್ನಡ' ಎಂಬ ಜಾಲತಾಣ ತೆರೆದರು. ಕನ್ನಡದ ಮೊದಲ ಜಾಲತಾಣವೆಂದು ಅದನ್ನೇ ಹೇಳುತ್ತಾರೆ. ಮರುವರ್ಷ ಭದ್ರವಾದ ಸರ್ಕಾರಿ ಕೆಲಸ ಬಿಟ್ಟು ಬೆಂಗಳೂರಿಗೆ ಬಂದು, ಸಲಹೆಗಾರರಾಗಿ, ಅಂಕಣಕಾರರಾಗಿ ಬದುಕು ಕಟ್ಟಿಕೊಂಡರು. ಅದರ ನಡುವೆ ಮಕ್ಕಳಿಗಾಗಿ 'ಕನ್ನಡ ಲೋಗೋ' ರೂಪಿಸಿದರು. ಲೋಗೋ ಎಂಬುದು ಸೀಮೋರ್ ಪೇಪರ್ಟ್ ಮತ್ತು ಜೊತೆಗಾರರು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದೇ ರಚಿಸಿದ ಗಣಕಭಾಷೆ. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳುತ್ತ ಮಗು ಚಿತ್ರ ಬಿಡಿಸುತ್ತದೆ, ಗೊತ್ತಿಲ್ಲದೆಯೇ ರೇಖಾಗಣಿತ ಕಲಿಯುತ್ತದೆ. ಆ ಆಜ್ಞೆಗಳು ಕನ್ನಡದಲ್ಲೇ ಇದ್ದರೆ ಹಳ್ಳಿಯ ಮಗುವಿಗೆ ಎಷ್ಟು ಧೈರ್ಯ ಎಂಬುದನ್ನು ತರಗತಿಯಲ್ಲಿ ನಿಂತವರು ಬಲ್ಲರು. 2006ರಲ್ಲಿ ಅದಕ್ಕೆ ಮಂಥನ್ ಪ್ರಶಸ್ತಿ ಬಂತು.

ನಾಲ್ಕನೆಯದು ಇನ್ನೂ ದೀರ್ಘ ತಪಸ್ಸು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1970ರಿಂದ 1995ರವರೆಗೆ ಹೊರಬಂತು. ಅದರ ಹಿಂದೆ ಒಂದು ಸಂಸ್ಥೆಯಿತ್ತು, ಪಂಡಿತರ ಮಂಡಳಿಯಿತ್ತು. ಆದರೆ ವಿ. ಕೃಷ್ಣ ಎಂಬುವರು ಪೀಠವಿಲ್ಲದೆ, ಮಂಡಳಿಯಿಲ್ಲದೆ, ಒಬ್ಬರೇ ನಾಲ್ಕು ದಶಕ ಕುಳಿತು ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, ಎರಡು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥಗಳು. ಬೆಂಗಳೂರಿನ ತಂತ್ರಜ್ಞ ಕೈಲಾಶ್ ನಾಧ್ ಅದನ್ನು 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಬೇರೆಯವರು ತಮ್ಮ ತಂತ್ರಾಂಶಕ್ಕೆ ಬಳಸಿಕೊಳ್ಳಲೂ ಅನುಮತಿಯಿದೆ. ನಲವತ್ತು ವರ್ಷ ಬರೆದದ್ದು ಒಬ್ಬರು. ಅದಕ್ಕೆ ಬಾಗಿಲು ತೆರೆದದ್ದು ಮತ್ತೊಬ್ಬರು. ಅಲರ್ ಎಂದರೆ ಹಳಗನ್ನಡದಲ್ಲಿ ಹೂವು ಎಂಬುದನ್ನು ನನ್ನ ವಿದ್ಯಾರ್ಥಿನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಇಷ್ಟನ್ನೇ ಹೇಳಿದರೆ ಇದು ತ್ಯಾಗದ ಕತೆಯಾಗಿಬಿಡುತ್ತದೆ. ಹೆಣ್ಣುಮಕ್ಕಳಿಗೆ ತ್ಯಾಗದ ಕತೆ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ, ನಾನೊಬ್ಬಳು ಸೇರಬೇಕಾಗಿಲ್ಲ. ಹೂವಿಗಾಗಿ ಹಿಟ್ಟನ್ನೇ ಮರೆತರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಪ್ರಪಂಚದಲ್ಲೊಂದು ಪಾಠವಿದೆ.

ನೀವು ಬ್ಯಾಂಕಿನ ವ್ಯವಹಾರವನ್ನು ಮೊಬೈಲಿನಲ್ಲಿ ಮಾಡುವಾಗ, ಗುಪ್ತಪದ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಅದನ್ನು ಮರೆಮಾಡುವ ತಂತ್ರಾಂಶಗಳಿರುತ್ತವೆ. ಅವುಗಳಲ್ಲಿ ಒಂದರ ಹೆಸರು ಓಪನ್ ಎಸ್‌ಎಸ್‌ಎಲ್. ಜಗತ್ತಿನ ಜಾಲತಾಣಗಳಲ್ಲಿ ಬಹುಪಾಲು ಅದನ್ನೇ ನೆಚ್ಚಿದ್ದವು. 2014ರ ಏಪ್ರಿಲ್ 7ರಂದು ಅದರಲ್ಲೊಂದು ದೊಡ್ಡ ಬಿರುಕಿದೆ ಎಂಬುದು ಬಯಲಾಯಿತು. 'ಹಾರ್ಟ್‌ಬ್ಲೀಡ್' ಎಂದು ಅದಕ್ಕೆ ಹೆಸರಿಟ್ಟರು. ಆ ಬಿರುಕು ಒಳಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ, ಊರೆಲ್ಲ ಹೊಸ ವರ್ಷ ಆಚರಿಸುತ್ತಿದ್ದಾಗ. ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಕಾಣಲಿಲ್ಲ. ಕಾಣಲು ನೋಡುವವರೆಷ್ಟು ಜನ? ಅದಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್. ಉಳಿದ ಖರ್ಚನ್ನು ಗಿರಾಕಿಗಳ ಸಲಹೆಯ ಕೆಲಸ ಮಾಡಿ ತೂಗಿಸುತ್ತಿದ್ದರು. ಗಿರಾಕಿಯ ಕೆಲಸಕ್ಕೆ ಹೋದ ಗಂಟೆ ತಪಾಸಣೆಗೆ ಸಿಗುವುದಿಲ್ಲ ತಾನೆ? ಬಿರುಕು ಬಯಲಾದ ಮೇಲೆ ಅದೇ ತಿಂಗಳಲ್ಲಿ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ಮೊದಲಾದ ದೊಡ್ಡ ಕಂಪನಿಗಳು ಸೇರಿ, ಒಂದೊಂದೂ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಮುಂದಾದವು. ಬಾವಿ ಬತ್ತಿದ ಮೇಲೆ ನೀರಿನ ಬೆಲೆ.

ಹೀಗಾಗಿ ನನಗೆ ಕಾಣುವುದಿಷ್ಟು. ನೆಚ್ಚಿಕೊಳ್ಳಲು ಒಂದು ಗಳಿಕೆ ಇರಬೇಕು. ಅದಿಲ್ಲದೆ ಯಾವ ದೀರ್ಘ ಕೆಲಸವೂ ನಿಲ್ಲುವುದಿಲ್ಲ. ಗಳಿಕೆಯೇ ಎಲ್ಲ ಗಂಟೆಗಳನ್ನೂ ನುಂಗಿದರೆ ದೀರ್ಘ ಕೆಲಸ ಒಳಗಿಂದೊಳಗೇ ಕೊಳೆಯುತ್ತದೆ. ಕೊನೆಗೆ, ಒಬ್ಬರ ಕೈಯಲ್ಲಿ ಹುಟ್ಟಿದ್ದು ಇನ್ನೊಬ್ಬರ ಕೈಗೂ ಸಿಕ್ಕರೆ ಮಾತ್ರ ಬದುಕುತ್ತದೆ.

ಈ ಮೂರನ್ನೂ ಮುಂದಿಟ್ಟುಕೊಂಡು ನಾವಿಬ್ಬರೂ ಲೆಕ್ಕದ ಪುಸ್ತಕ ತೆರೆದೆವು. ಮೊದಲು ಬಾಕಿ ಹಣ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆಯ ಪ್ರಕಾರ, ನೋಂದಾಯಿಸಿಕೊಂಡ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮನೆಯಲ್ಲಿ ಒಬ್ಬಳೇ ಕುಳಿತು ಸೇವೆ ಒದಗಿಸುವ ಹೆಂಗಸೂ ಇಲ್ಲಿ ಉದ್ಯಮವೇ. 2020ರಿಂದ 'ಉದ್ಯಮ್' ಎಂಬ ನೋಂದಣಿ ಜಾಲದಲ್ಲೇ ಆಗುತ್ತದೆ, ಶುಲ್ಕವಿಲ್ಲ. ಅವಳು ನೋಂದಾಯಿಸಿಕೊಂಡಳು, ಮುಂದಿನ ಒಪ್ಪಂದಗಳಲ್ಲೆಲ್ಲ ಆ ಮಾತು ಬರೆಸಿದಳು. ಹಳೆಯ ಬಾಕಿಯಲ್ಲಿ ಅರ್ಧ ಬಂತು. ಉಳಿದರ್ಧಕ್ಕೆ ಇನ್ನೂ ಅಲೆದಾಟ.

ಆಮೇಲೆ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ ಗಣಕದ ತಂತ್ರಾಂಶವೂ ಸಾಹಿತ್ಯ ಕೃತಿಯ ಸಾಲಿಗೆ ಸೇರಿತು. ನೌಕರಿಯ ಭಾಗವಾಗಿ ಬರೆದದ್ದು, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲೀಕರದು. ಸ್ವತಂತ್ರವಾಗಿ ದುಡಿಯುವವರು ಬರೆದದ್ದು, ಬರೆದುಕೊಡದ ಹೊರತು, ಅವರದೇ. ಆದ್ದರಿಂದ ಕಂಪನಿ ಸೇರುವುದಾದರೆ ಮೊದಲು ಈ ಏಳು ವರ್ಷದ ಕೆಲಸ ತನ್ನದೆಂದು ಬರೆಸಿಕೊಳ್ಳಬೇಕು. ಗಿರಾಕಿಯ ಕೆಲಸವನ್ನೂ ತನ್ನ ಕೆಲಸವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬಾರದು. ಇದನ್ನು ಅವಳೇ ನನಗೆ ವಿವರಿಸಿದಳು.

ಮೂರನೆಯದು ಹೊತ್ತು. ಇದು ಕಾಯ್ದೆಯಲ್ಲಿಲ್ಲ. ಕಚೇರಿಗೆ ಹೋಗುವ ಹೆಂಗಸಿಗೆ ಬಾಗಿಲಾದರೂ ಒಂದಿದೆ. ಮನೆಯಲ್ಲೇ ದುಡಿಯುವವಳಿಗೆ ಅದೂ ಇಲ್ಲ. "ಮನೆಯಲ್ಲೇ ಇರುತ್ತೀಯಲ್ಲ" ಎಂಬ ಒಂದೇ ಮಾತಿನಲ್ಲಿ ಸಿಲಿಂಡರಿನವನು, ಪಕ್ಕದ ಮನೆಯ ಬೀಗದ ಕೈ, ಮಾವನವರ ಮಾತ್ರೆ, ಮಗುವಿನ ಚಿತ್ರಕಲೆಯ ಹಾಳೆ ಎಲ್ಲ ಅವಳ ಪಾಲಿಗೆ. ಅದರಲ್ಲೂ ಸಂಬಳದ ಗಂಟೆಯನ್ನು ಮನೆಯವರು ಹೇಗೋ ಗೌರವಿಸುತ್ತಾರೆ. ಹಂಬಲದ ಗಂಟೆಯನ್ನು ಯಾರೂ ಗಂಟೆಯೆಂದೇ ಎಣಿಸುವುದಿಲ್ಲ. ಅದು ಬಿಡುವಂತೆ! ಕನ್ನಡದ ತಂತ್ರಾಂಶ ಕಟ್ಟಿದವರ ಪಟ್ಟಿಯಲ್ಲಿ ನಾನು ಹೇಳಿದ ಹೆಸರುಗಳೆಲ್ಲ ಗಂಡಸರವೇ ಎಂಬುದನ್ನು ನೀವು ಆಗಲೇ ಗಮನಿಸಿರುತ್ತೀರಿ. ಹೆಣ್ಣುಮಕ್ಕಳಿಗೆ ಬುದ್ಧಿ ಕಡಿಮೆಯಾಗಿ ಹಾಗಾದದ್ದಲ್ಲ. ನಲವತ್ತು ವರ್ಷ ಒಂದೇ ಮೇಜಿಗೆ ಕೂರಬೇಕಾದರೆ, ಆ ನಲವತ್ತು ವರ್ಷ ಮನೆಯನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. 'ಉಚಿತ' ಎಂದು ನಾವು ಇಳಿಸಿಕೊಳ್ಳುವ ತಂತ್ರಾಂಶದ ಬೆಲೆಯಲ್ಲಿ ಅವರ ಪಾಲೂ ಇದೆ; ಅದು ಯಾವ ಪ್ರಶಸ್ತಿಯ ಫಲಕದಲ್ಲೂ ಕಾಣುವುದಿಲ್ಲ.

ನನ್ನ ವಿದ್ಯಾರ್ಥಿನಿ ಕಂಪನಿ ಸೇರಲಿಲ್ಲ, ಕಾಗುಣಿತವನ್ನೂ ಬಿಡಲಿಲ್ಲ. ಬಿಡಿ ಕೆಲಸಗಳನ್ನು ಕಡಿಮೆ ಮಾಡಿ, ಎರಡು ಕಾರ್ಖಾನೆಗಳೊಂದಿಗೆ ತಿಂಗಳಿಗಿಷ್ಟೆಂದು ಒಪ್ಪಂದ ಮಾಡಿಕೊಂಡಿದ್ದಾಳೆ. ಆದಾಯ ಸ್ವಲ್ಪ ಇಳಿದಿದೆ, ಆದರೆ ಒಂದನೆಯ ತಾರೀಖಿಗೆ ಬರುತ್ತದೆ. ಗುರುವಾರ ಮತ್ತು ಶನಿವಾರದ ಬೆಳಗ್ಗೆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಆ ಹೊತ್ತಿನ ತಿಂಡಿ ಗಂಡನದು. ತಂತ್ರಾಂಶವನ್ನು ಎಲ್ಲರೂ ನೋಡಿ ತಿದ್ದುವಂತೆ ತೆರೆದಿಟ್ಟಿದ್ದಾಳೆ. ಇಬ್ಬರು ಬಂದು ಸೇರಿದ್ದಾರೆ, ಒಬ್ಬಳು ಧಾರವಾಡದ ಕಡೆಯವಳು. ಇದು ಎಷ್ಟು ವರ್ಷ ನಡೆಯುತ್ತದೋ ಹೇಳಲಾರೆ. ಮಕ್ಕಳು ಕಾಲೇಜಿಗೆ ಬಂದಾಗ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆಯಬೇಕಾದೀತು.

ಈಗೀಗ ಕಾಲ ಸ್ವಲ್ಪ ತಿರುಗುತ್ತಿದೆ. ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ, ಇಂಥ ಮುಕ್ತ ತಂತ್ರಾಂಶಗಳನ್ನು ಕಟ್ಟುವವರಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯೊಂದನ್ನು ಘೋಷಿಸಿತು. ಒಳ್ಳೆಯದೇ. ಆದರೆ ನಿಧಿಗಾಗಿ ಕಾಯದೆ ನಾವೂ ಮಾಡಬಹುದಾದದ್ದಿದೆ. ದಿನವೂ ಬಳಸುವ ಕನ್ನಡದ ತಂತ್ರಾಂಶಕ್ಕೆ ವರ್ಷಕ್ಕೊಮ್ಮೆ ಒಂದು ಮೊಳ ಹೂವಿನಷ್ಟು ಹಣ ಕಳಿಸಬಹುದು. ದೋಷ ಕಂಡರೆ ಗೊಣಗುವ ಬದಲು ಬರೆದು ತಿಳಿಸಬಹುದು. ಮತ್ತು ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬಳು ಬಾಗಿಲು ಮುಚ್ಚಿ ಕುಳಿತಿದ್ದರೆ, ಅದರಿಂದ ದುಡ್ಡು ಬರುತ್ತದೆಯೇ ಎಂದು ಕೇಳುವ ಮುನ್ನ, ಸಿಲಿಂಡರಿನವನಿಗೆ ನಾವೇ ಬಾಗಿಲು ತೆರೆಯಬಹುದು.